ಉರಿ ಹೊರಗೆ, ಬಿಸಿ ಒಳಗೆ

ನಮ್ಮ ಘೋಡಗೇರಿ ಹುಕ್ಕೇರಿ ತಾಲ್ಲೂಕಿನ ಊರು. ಗೋಕಾಕ, ಮೂಡಲಗಿ ಎರಡೂ ಹತ್ತಿರ. ಸಂಕೇಶ್ವರಕ್ಕೆ ಹೋಗಿ ಮುಟ್ಟಿದರೆ ಪುಣೆ–ಬೆಂಗಳೂರು ಹೆದ್ದಾರಿ. ಕಬ್ಬಿನ ಸೀಮೆಯಾದ್ದರಿಂದ ಗಾಡಿಗಳ ಹಂಗಾಮೂ ಕಬ್ಬಿನ ಹಂಗಾಮೂ ಜೊತೆಜೊತೆಗೆ ಬರುತ್ತವೆ. ನವೆಂಬರಿನಲ್ಲಿ ಕಾರ್ಖಾನೆಗಳು ಕಬ್ಬು ನುರಿಸಲು ಶುರು ಮಾಡುತ್ತವೆ, ಗಾಣಗಳಲ್ಲಿ ಬೆಲ್ಲದ ಪಾಕ ಕುದಿಯುತ್ತದೆ, ಲಾರಿಗಳು ಸಕ್ಕರೆ ಬೆಲ್ಲ ಹೇರಿಕೊಂಡು ಉತ್ತರಕ್ಕೆ ಮುಖ ಮಾಡುತ್ತವೆ. ಉತ್ತರದಲ್ಲಿ ಥಂಡಿ ಮೂಳೆಗೆ ಇಳಿಯುವುದೂ ಅದೇ ತಿಂಗಳುಗಳಲ್ಲಿ. ಇಲ್ಲಿ ಒಂದು ಚಾದರ ಹೊದ್ದು ಮಲಗುತ್ತಿದ್ದ ಹುಡುಗ ಕೆಲವೇ ದಿನಗಳಲ್ಲಿ ಪಾಣಿಪತ್‌ನ ಮಂಜಿನೊಳಗೆ ಗಾಡಿ ನಿಲ್ಲಿಸಿಕೊಂಡು ಹಲ್ಲು ಕಡಿಯುತ್ತ ಕೂತಿರುತ್ತಾನೆ. ಸೇಬು ತರಲು ಕಾಶ್ಮೀರಕ್ಕೆ ಹೋಗಬೇಕಾಯಿತೆಂದರೆ ಇನ್ನೂ ಕಷ್ಟ. 2024ರ ಡಿಸೆಂಬರ್ 20–21ರ ರಾತ್ರಿ ಶ್ರೀನಗರದಲ್ಲಿ ಮೈನಸ್ 8.5 ಡಿಗ್ರಿ ದಾಖಲಾಗಿತ್ತು. ಐವತ್ತು ವರ್ಷಗಳಲ್ಲಿ ಅಲ್ಲಿ ಡಿಸೆಂಬರ್ ತಿಂಗಳ ಅಂಥ ರಾತ್ರಿ ಬಂದಿರಲಿಲ್ಲ.

ನಾನು ಬಹಳ ವರ್ಷ ಆ ದಾರಿಯಲ್ಲಿ ಗಾಡಿ ಹೊಡೆದವನು. ಈಗ ಊರಲ್ಲೇ ಲಾರಿಗಳ ವೈರಿಂಗ್ ಕೆಲಸ. ಉತ್ತರಕ್ಕೆ ಹೋಗುವವರು ಬಂದು ಕೇಳಿದರೆ ಕ್ಯಾಬಿನ್ ಹೀಟರ್ ಕೂಡಿಸಿಕೊಡುತ್ತೇನೆ. ನಮ್ಮ ಕಡೆ ಇವು ಇನ್ನೂ ಅಪರೂಪ. ಯುರೋಪಿನ ಲಾರಿಗಳಲ್ಲಿ ಮಾಮೂಲಿ ಸಾಮಾನಾಗಿರುವುದನ್ನು ನಮ್ಮ ಹುಡುಗರು ಮೊಬೈಲಿನಲ್ಲಿ ನೋಡಿ ತರಿಸಿಕೊಂಡು, "ಕಾಕಾ, ಇದನ್ನ ಎಲ್ಲಿ ಕುಂಡ್ರಸೂದು?" ಎಂದು ಡಬ್ಬಿ ಸಮೇತ ಬರುತ್ತಾರೆ. ಅವರಿಗೆ ಹೇಳುವುದನ್ನೇ ಇಲ್ಲಿ ಬರೆದಿದ್ದೇನೆ.

1. ಕ್ಯಾಬಿನ್ನಿನೊಳಗೆ ಕೆಂಡ ಬೇಡ. ಒಂದು ನಿಮಿಷಕ್ಕೂ ಬೇಡ.

ಉಳಿದ ಪಾಠಗಳನ್ನು ಮರೆತರೂ ಇದೊಂದು ನೆನಪಿರಲಿ. ಧಾಬಾದ ತಂದೂರಿನಿಂದ ಕೆಂಡ ಕೇಳಿ, ಎಣ್ಣೆ ಡಬ್ಬಿಯಲ್ಲೋ ಹಳೆಯ ಬುಟ್ಟಿಯಲ್ಲೋ ತುಂಬಿಕೊಂಡು ಸೀಟಿನ ಕೆಳಗೆ ಇಟ್ಟುಕೊಳ್ಳುವ ರೂಢಿ ಉತ್ತರದ ಹೆದ್ದಾರಿಗಳಲ್ಲಿ ಇದೆ. ಕಾಶ್ಮೀರಕ್ಕೆ ಹೋದ ಕ್ಲೀನರ್ ಹುಡುಗರು ಕಾಂಗ್ಡಿ ಕೊಳ್ಳುತ್ತಾರೆ. ಅದು ಹೆಣೆದ ಬುಟ್ಟಿಯೊಳಗಿನ ಮಣ್ಣಿನ ಕೆಂಡದ ಮಡಕೆ. ಅಲ್ಲಿಯ ಜನ ಫಿರನ್ ಅಂಗಿಯ ಒಳಗೆ ಹಿಡಿದುಕೊಂಡು ಓಡಾಡುತ್ತಾರೆ, ಅದನ್ನು ನೋಡಿ ನಮ್ಮವರಿಗೂ ಧೈರ್ಯ ಬರುತ್ತದೆ. ಆದರೆ ಹುಟ್ಟಿದಾಗಿನಿಂದ ಅದರ ಜೊತೆ ಬೆಳೆದು, ಗಾಳಿಯಾಡುವ ಕಡೆ ಎಚ್ಚರವಿದ್ದು ಹಿಡಿಯುವವರ ಕೈಯ ವಸ್ತು ಅದು. ಗಾಜು ಏರಿಸಿ, ಪರದೆ ಎಳೆದು, ಇಬ್ಬರು ನಿದ್ದೆ ಹೋಗುವ ತಗಡಿನ ಪೆಟ್ಟಿಗೆಗೆ ಅದು ಸಲ್ಲುವುದಿಲ್ಲ.

ಹೊಗೆ ಇಲ್ಲದ ಕೆಂಡಕ್ಕೆ ಅಪಾಯವಿಲ್ಲ ಎಂದು ನಂಬಿದವರು ನಮ್ಮಲ್ಲಿ ಇನ್ನೂ ಬಹಳ. ಮಾತು ಪೂರಾ ತಿರುವುಮುರುವು. ಕೆಂಡ ಬೂದಿ ಹಿಡಿದು ಮೆಲ್ಲಗೆ ಉರಿಯುವಾಗಲೇ ಕಾರ್ಬನ್ ಮಾನಾಕ್ಸೈಡ್ ಧಾರಾಳವಾಗಿ ಹುಟ್ಟುತ್ತದೆ. ಈ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಕಣ್ಣು ಉರಿಯುವುದಿಲ್ಲ, ಕೆಮ್ಮು ಬರುವುದಿಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕವನ್ನು ಹಿಡಿಯುವುದಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಇದನ್ನು ಹಿಡಿಯುತ್ತದೆ. ತಲೆ ಭಾರವಾಗುತ್ತದೆ, ಹೊಟ್ಟೆ ತೊಳಸುತ್ತದೆ, ಕೈಕಾಲು ಸೋಲುತ್ತವೆ. ದಣಿದ ಡ್ರೈವರ್ ಇದನ್ನೆಲ್ಲ ದಾರಿಯ ದಣಿವು ಎಂದುಕೊಂಡು ಇನ್ನೊಂದು ಮಗ್ಗುಲಿಗೆ ಹೊರಳುತ್ತಾನೆ. ಎದ್ದು ಬಾಗಿಲು ತೆಗೆಯಬೇಕೆಂಬ ಬುದ್ಧಿಯನ್ನೇ ಅದು ಮೊದಲು ಕಸಿಯುತ್ತದೆ. 2024ರ ಜನವರಿ ನಡುವಿನಲ್ಲಿ ದೆಹಲಿಯ ಅಲೀಪುರ ಸೀಮೆಯ ಖೇಡಾ ಕಲಾಂನಲ್ಲಿ ಒಂದೇ ಕುಟುಂಬದ ನಾಲ್ವರು ಹೀಗೆಯೇ ಕೋಣೆಯಲ್ಲಿ ಕೆಂಡದ ಸಿಗಡಿ ಇಟ್ಟುಕೊಂಡು ಮಲಗಿ ಸತ್ತರು. ಆಜಾದ್‌ಪುರ ಮಂಡಿಗೆ ಹೋಗಿಬರುವ ನಮ್ಮವರಿಗೆ ಆ ಸೀಮೆ ಗೊತ್ತು. ಅವರದು ಮನೆಯ ಕೋಣೆ, ನಮ್ಮ ಕ್ಯಾಬಿನ್ ಅದರ ಒಂದು ಮೂಲೆಯಷ್ಟೂ ಇಲ್ಲ.

ಅಡುಗೆ ಸ್ಟೋವಿನ ಮಾತೂ ಇದೇ. ಕ್ಯಾಬಿನ್ನಿನಲ್ಲಿ ಚಹಾ ಕಾಯಿಸಿ, ಬಿಸಿ ಇರಲಿ ಎಂದು ಸಣ್ಣ ಉರಿಯಲ್ಲಿ ಬಿಟ್ಟು ಮಲಗುವವರನ್ನು ಕಂಡಿದ್ದೇನೆ. ಬಾಗಿಲು ಬಡಿದು ಎಬ್ಬಿಸಿದರೆ ಬೈಯುತ್ತಾರೆ. ಬೈಸಿಕೊಂಡರೂ ಎಬ್ಬಿಸಬೇಕು.

2. ಎಂಜಿನ್ ಚಾಲೂ ಇಟ್ಟು ಮಲಗುವುದು ಬಿಸಿಯ ಲೆಕ್ಕದಲ್ಲೂ ನಷ್ಟ, ಜೀವದ ಲೆಕ್ಕದಲ್ಲೂ ನಷ್ಟ.

ಹಳೆಯ ಗಾಡಿಗಳಲ್ಲಿ ಎಂಜಿನ್ನಿನ ಡಬ್ಬಿ ಕ್ಯಾಬಿನ್ನಿನ ನಡುವೆಯೇ ಇತ್ತು. ಗಾಡಿ ನಿಲ್ಲಿಸಿದ ಮೇಲೂ ಒಂದೆರಡು ತಾಸು ಬೆಚ್ಚಗಿರುತ್ತಿತ್ತು, ಅದರ ಮೇಲೆ ಕೌದಿ ಹಾಸಿ ಕ್ಲೀನರ್ ಮಲಗುತ್ತಿದ್ದ. ನಡುರಾತ್ರಿಗೆ ಕಬ್ಬಿಣ ತಣ್ಣಗಾದಾಗ ಏಳುವುದು, ಎಂಜಿನ್ ಚಾಲೂ ಮಾಡುವುದು, ಮತ್ತೆ ಮಲಗುವುದು. ಹೊಸ ಗಾಡಿಯಲ್ಲಿ ಹೀಟರಿನ ಗುಂಡಿ ಇದೆ. ಆದರೆ ಅದಕ್ಕೆ ಬಿಸಿ ಬರುವುದು ಎಂಜಿನ್ನಿನ ಕೂಲಂಟ್ ನೀರಿನಿಂದ, ಆದ್ದರಿಂದ ಎಂಜಿನ್ ನಿಂತರೆ ಅದೂ ನಿಂತಂತೆ. 2025ರ ಅಕ್ಟೋಬರ್ 1ರಿಂದ ತಯಾರಾಗುವ ಮಧ್ಯಮ, ಭಾರಿ ಲಾರಿಗಳ ಕ್ಯಾಬಿನ್ನಿಗೆ ಎಸಿ ಕಡ್ಡಾಯವಾಗಿದೆ. ಒಳ್ಳೆಯ ನಿಯಮ, ಬಹಳ ತಡವಾಗಿ ಬಂತು. ಆದರೆ ಅದು ಓಡುವ ಗಾಡಿಯ ಡ್ರೈವರನನ್ನು ಕಾಯುತ್ತದೆ. ಗಾಡಿ ನಿಲ್ಲಿಸಿ ಮಲಗಿದವನ ರಾತ್ರಿಯ ಪ್ರಶ್ನೆ ಹಾಗೇ ಉಳಿದಿದೆ.

ದೊಡ್ಡ ಎಂಜಿನ್ ನಿಂತಲ್ಲೇ ಓಡಿದರೆ ಗಂಟೆಗೆ ಸುಮಾರು 2 ಲೀಟರ್ ಡೀಸೆಲ್ ಕುಡಿಯುತ್ತದೆ. ಎಂಟು ತಾಸಿಗೆ 16 ಲೀಟರ್. 2020ರ ನಂತರದ ಬಿಎಸ್–6 ಗಾಡಿಯಾದರೆ ಸೈಲೆನ್ಸರಿನ ಫಿಲ್ಟರಿನಲ್ಲಿ ಮಸಿ ಕಟ್ಟುವುದು ಬೇರೆ. ಅದಕ್ಕೂ ಮಿಗಿಲಾಗಿ, ಟ್ರಕ್ ಟರ್ಮಿನಲ್ಲಿನಲ್ಲಿ ನಿಮ್ಮ ಗಾಡಿಯ ಸೈಲೆನ್ಸರ್ ಪಕ್ಕದವನ ಕ್ಯಾಬಿನ್ನಿಗೆ ಮುಖ ಮಾಡಿರುತ್ತದೆ, ಅವನದು ನಿಮ್ಮ ಕಡೆಗೆ. ಹಿಮ ಬೀಳುವ ಜಾಗದಲ್ಲಿ ಸೈಲೆನ್ಸರಿನ ಬಾಯಿ ಮುಚ್ಚಿಹೋದರೆ ಹೊಗೆ ಗಾಡಿಯ ಕೆಳಗೇ ಸುತ್ತಿ ನೆಲದ ತೂತುಗಳಿಂದ ಒಳಗೆ ಏರುತ್ತದೆ.

3. ಹೀಟರ್ ಕೊಳ್ಳುವ ಮೊದಲು ತೂತು ಮುಚ್ಚಿ.

ನನ್ನ ಹತ್ತಿರ ಹೀಟರ್ ತಂದವರಿಗೆ ಮೊದಲು ಹೇಳುವುದು, "ತಮ್ಮಾ, ಕ್ಯಾಬಿನ್ನಿನ್ಯಾಗ ಕುಂತು ಬಾಗಲಾ ಹಾಕ್ಕೋ. ನಾ ಹೊರಗ ಬ್ಯಾಟರಿ ಹಿಡಿತೀನಿ. ಎಲ್ಲೆಲ್ಲಿ ಬೆಳಕ ಕಾಣತೈತಿ ಹೇಳು." ಕತ್ತಲಾದ ಮೇಲೆ ಮಾಡಬೇಕಾದ ಕೆಲಸ ಇದು. ಕ್ಲಚ್ಚು, ಬ್ರೇಕು, ಆಕ್ಸಿಲೇಟರಿನ ಪೆಡಲ್ ಇಳಿಯುವ ತೂತು, ಗೇರ್ ಲಿವರಿನ ಹರಿದ ರಬ್ಬರು, ವೈರಿಂಗ್ ಒಳಗೆ ಬಂದ ಜಾಗ, ಬಾಗಿಲಿನ ಕೆಳಮೂಲೆಯಲ್ಲಿ ಕಿತ್ತುಬಂದ ಬೀಡಿಂಗ್. ಚಾಸಿಸ್ ತಂದು ಊರಕಡೆ ಕ್ಯಾಬಿನ್ ಕಟ್ಟಿಸಿದ ಹಳೆಯ ಗಾಡಿಗಳಲ್ಲಿ ಮರಕ್ಕೂ ತಗಡಿಗೂ ನಡುವೆ ಬೆರಳು ತೂರುವಷ್ಟು ಸಂದಿ ಇರುತ್ತದೆ. ಬೆಳಕು ಬಂದಲ್ಲೆಲ್ಲ ಗಾಳಿಯೂ ಬರುತ್ತದೆ, ಎಂಜಿನ್ನಿನ ಹೊಗೆಯೂ ಬರುತ್ತದೆ. ಆದ್ದರಿಂದ ನೆಲದ ತೂತು ಮುಚ್ಚಿದರೆ ಚಳಿಗೂ ಮದ್ದು, ವಿಷಗಾಳಿಗೂ ಮದ್ದು.

ಆಮೇಲೆ ಗಾಜು. ಕ್ಯಾಬಿನ್ನಿನ ಬಿಸಿ ಬಹುಪಾಲು ಗಾಜಿನಿಂದಲೇ ಹೊರಗೆ ಹೋಗುತ್ತದೆ. ಮುಂದಿನ ಗಾಜಿನ ಅಳತೆಗೆ ಬೆಳ್ಳಿ ಬಣ್ಣದ ಫೋಮ್ ಶೀಟ್ ಕತ್ತರಿಸಿ ಒಳಗಿನಿಂದ ಕೂಡಿಸಬಹುದು. ಅದು ಸಿಗದಿದ್ದರೆ ಕೌದಿಯೇ ಆದೀತು. ಮಲಗುವ ಜಾಗಕ್ಕೂ ಸೀಟಿಗೂ ನಡುವೆ ದಪ್ಪ ಪರದೆ ಕಟ್ಟಿದರೆ ಕಾಯಿಸಬೇಕಾದ ಜಾಗ ಅರ್ಧಕ್ಕೆ ಇಳಿಯುತ್ತದೆ. ನಮ್ಮ ಹೆಣ್ಣುಮಕ್ಕಳು ಹಳೆಯ ಸೀರೆ ಸೇರಿಸಿ ಹೊಲಿದ ಕೌದಿಗಿಂತ ಒಳ್ಳೆಯ ಪರದೆ ನಾನು ಪೇಟೆಯಲ್ಲಿ ಕಂಡಿಲ್ಲ.

4. ಹೊದೆಯುವುದಕ್ಕಿಂತ ಹಾಸುವುದು ದಪ್ಪಗಿರಲಿ.

ಸೀಟಿನ ಹಿಂದಿನ ಪಟ್ಟಿಯ ಕೆಳಗೆ ಬರಿಯ ತಗಡು, ಅದರ ಕೆಳಗೆ ರಾತ್ರಿಯ ಗಾಳಿ. ಮೈಭಾರಕ್ಕೆ ಅದುಮಿದ ತೆಳು ಗಾದಿ ಚಳಿ ತಡೆಯುವುದಿಲ್ಲ. ಎರಡು ಕಂಬಳಿ ಇದ್ದರೆ ಒಂದನ್ನು ಕೆಳಗೆ ಹಾಸಿ. ಗಾದಿಯ ಕೆಳಗೆ ಪ್ಲೈವುಡ್, ಅದರ ಮೇಲೆ ಮಡಿಸಿದ ಗೋಣಿ ತಟ್ಟು ಹಾಕಿದರೆ ರಾತ್ರಿಯೇ ಬದಲಾಗುತ್ತದೆ.

5. ಉರಿಯ ಗಾಳಿ ಬೇರೆ, ಉಸಿರಿನ ಗಾಳಿ ಬೇರೆ.

ಡೀಸೆಲ್ ಹೀಟರ್ ಎಂದರೆ ಎಂಥದೋ ಸ್ಟೋವ್ ಎಂದು ತಿಳಿದು ಹೆದರುವವರಿದ್ದಾರೆ. ಅದರ ಒಳಗನ್ನು ಒಮ್ಮೆ ನೋಡಿದರೆ ಯಾವುದಕ್ಕೆ ಹೆದರಬೇಕು, ಯಾವುದಕ್ಕೆ ಬೇಡ ಎಂಬುದು ತಿಳಿಯುತ್ತದೆ. ಒಂದು ಸಣ್ಣ ಪಂಪು ಟಕ್ ಟಕ್ ಎಂದು ಹನಿಹನಿಯಾಗಿ ಡೀಸೆಲ್ ಕೊಡುತ್ತದೆ. ಗ್ಲೋ ಪ್ಲಗ್ ಕೆಂಪಗೆ ಕಾದು ಅದಕ್ಕೆ ಬೆಂಕಿ ಹಚ್ಚುತ್ತದೆ. ಉರಿಯಲು ಬೇಕಾದ ಗಾಳಿ ಕ್ಯಾಬಿನ್ನಿನ ಹೊರಗಿನಿಂದ ಒಂದು ಪೈಪಿನಲ್ಲಿ ಬರುತ್ತದೆ, ಸುಟ್ಟ ಹೊಗೆ ಇನ್ನೊಂದು ಪೈಪಿನಲ್ಲಿ ಹೊರಗೇ ಹೋಗುತ್ತದೆ. ಉರಿಯುವ ಕೋಣೆಯ ಸುತ್ತ ರೆಕ್ಕೆರೆಕ್ಕೆಯ ಅಲ್ಯೂಮಿನಿಯಂ ಮೈ. ಕ್ಯಾಬಿನ್ನಿನ ಗಾಳಿ ಆ ಮೈಯನ್ನು ಸವರಿಕೊಂಡು ಕಾದು ಒಳಗೆ ತಿರುಗುತ್ತದೆ. ಉರಿಯ ಗಾಳಿಯೂ ಉಸಿರಿನ ಗಾಳಿಯೂ ಎಲ್ಲಿಯೂ ಬೆರೆಯಬಾರದು. ಹೀಟರಿನ ಒಳ್ಳೆಯತನ ಇರುವುದು ಇಷ್ಟರಲ್ಲೇ, ಕೂಡಿಸುವವನ ಜವಾಬ್ದಾರಿ ಇರುವುದೂ ಇಷ್ಟರಲ್ಲೇ.

ಈ ಕಸುಬಿನಲ್ಲಿ ಹಳೆಯ ಎರಡು ಹೆಸರು ಜರ್ಮನಿಯವು, ವೆಬಾಸ್ಟೊ ಮತ್ತು ಎಬರ್‌ಸ್ಪೆಕರ್. ಅವರ ಸಣ್ಣ 2 ಕಿಲೋವ್ಯಾಟಿನ ಹೀಟರುಗಳು ಗಂಟೆಗೆ ಸುಮಾರು 0.1ರಿಂದ 0.28 ಲೀಟರ್ ಡೀಸೆಲ್ ಸುಡುತ್ತವೆ. ಚೀನಾದಿಂದ ಬರುವ ಅಗ್ಗದವೂ ಅದೇ ಮಾದರಿಯಲ್ಲಿ ಕೆಲಸ ಮಾಡುತ್ತವೆ. ಅವುಗಳಲ್ಲಿ ಒಳಗಿನ ಮುಖ್ಯ ಮೈ ಸಾಮಾನ್ಯವಾಗಿ ಚೆನ್ನಾಗಿರುತ್ತದೆ. ಜೊತೆಗೆ ಕೊಡುವ ಡೀಸೆಲ್ ಪೈಪು, ಕ್ಲಿಪ್ಪು, ತೆಳು ವೈರು ನನಗೆ ಸೇರುವುದಿಲ್ಲ, ಅವನ್ನು ತೆಗೆದಿಟ್ಟು ಒಳ್ಳೆಯವು ಹಾಕುತ್ತೇನೆ.

6. ದೊಡ್ಡ ಹೀಟರ್ ಒಳ್ಳೆಯದು ಎಂಬ ಹಟ ಬಿಡಿ.

"ಐದು ಕಿಲೋವ್ಯಾಟ್ ತಂದೀನಿ ಕಾಕಾ, ಮಸ್ತ್ ಬಿಸಿ ಆಗತೈತಿ" ಎನ್ನುತ್ತಾರೆ. ಕೆಲವು ಡಬ್ಬಿಯ ಮೇಲೆ 8 ಎಂದೂ ಬರೆದಿರುತ್ತದೆ. ಒಂದು ಲಾರಿ ಕ್ಯಾಬಿನ್ನಿಗೆ, ಪರದೆ ಕಟ್ಟಿದ್ದರೆ, 2 ಕಿಲೋವ್ಯಾಟ್ ಸಾಕು. ದೊಡ್ಡದು ಹತ್ತು ನಿಮಿಷದಲ್ಲಿ ಕಾಯಿಸಿಬಿಡುತ್ತದೆ, ಆಮೇಲೆ ರಾತ್ರಿಯಿಡೀ ಅತಿ ಸಣ್ಣ ಉರಿಯಲ್ಲಿ ಓಡುತ್ತದೆ. ಸಣ್ಣ ಉರಿ ಎಂದರೆ ಅರೆಸುಟ್ಟ ಡೀಸೆಲ್, ಅರೆಸುಟ್ಟ ಡೀಸೆಲ್ ಎಂದರೆ ಮಸಿ. ಹಂಗಾಮಿನ ನಡುವೆ ಉರಿಕೋಣೆ ಮಸಿ ಕಟ್ಟಿ, ಬೇಕಾದ ರಾತ್ರಿಯೇ ಹೀಟರ್ ಹತ್ತುವುದಿಲ್ಲ. ಸಣ್ಣ ಹೀಟರನ್ನೂ ಮಲಗುವ ಮೊದಲು ಅರ್ಧ ತಾಸು ಪೂರ್ತಿ ಉರಿಯಲ್ಲಿ ಓಡಿಸಿ, ಆಮೇಲೆ ಇಳಿಸಿ. ಮಸಿ ಸುಟ್ಟುಹೋಗುತ್ತದೆ.

ಆರಿಸುವಾಗ ಗುಂಡಿ ಒತ್ತಿ ಬಿಡಬೇಕು. ಫ್ಯಾನು ಇನ್ನೂ ಕೆಲವು ನಿಮಿಷ ತಿರುಗಿ ಒಳಗಿನ ಬಿಸಿ ಇಳಿಸುತ್ತದೆ. ಸಪ್ಪಳ ಬೇಡವೆಂದು ಬ್ಯಾಟರಿ ಸ್ವಿಚ್ಚನ್ನೇ ಕಿತ್ತರೆ ಬಿಸಿ ಒಳಗೇ ನಿಂತು ಹೀಟರ್ ಸುಟ್ಟುಹೋಗುತ್ತದೆ.

7. ಕೂಡಿಸುವಾಗ ಅವಸರ ಮಾಡುವ ಮಿಸ್ತ್ರಿಯ ಕೈಗೆ ಗಾಡಿ ಕೊಡಬೇಡಿ.

ಹೀಟರಿನ ತಳ ನೆಲದ ತಗಡಿಗೆ ಸಪಾಟಾಗಿ ಕೂತು, ನಡುವೆ ಗ್ಯಾಸ್ಕೆಟ್ ಇರಬೇಕು, ಹೊಗೆ ಪೈಪು, ಗಾಳಿ ಪೈಪು, ಡೀಸೆಲ್ ಪೈಪು ಮೂರೂ ಆ ಗ್ಯಾಸ್ಕೆಟ್ಟಿನ ಮೂಲಕ ನೇರ ಕೆಳಗೆ ಇಳಿಯಬೇಕು. ಹೊಗೆ ಪೈಪಿನ ಒಂದೇ ಒಂದು ಜೋಡು ಕೂಡ ಕ್ಯಾಬಿನ್ನಿನ ಒಳಗೆ ಬರಕೂಡದು. ಇದಕ್ಕೆ ರಿಯಾಯಿತಿ ಇಲ್ಲ. ಹೊಗೆ ಪೈಪು ಕೆಳಮುಖವಾಗಿ ಇಳಿದು ಗಾಡಿಯ ಅಂಚಿನವರೆಗೆ ಹೋಗಬೇಕು, ಇಲ್ಲವಾದರೆ ಹೊಗೆಯಲ್ಲಿನ ನೀರು ಪೈಪಿನ ಬಾಗಿನಲ್ಲಿ ನಿಂತು ದಾರಿ ಕಟ್ಟುತ್ತದೆ. ಗಾಳಿ ಎಳೆಯುವ ಪೈಪಿನ ಬಾಯಿ ಹೊಗೆ ಪೈಪಿನ ಬಾಯಿಯ ಪಕ್ಕದಲ್ಲಿರಬಾರದು, ಕೆಸರು ಸಿಡಿಯುವ ಚಕ್ರದ ಮುಂದೆಯೂ ಇರಬಾರದು. ಡೀಸೆಲ್ ಟಾಕಿ, ಬ್ರೇಕಿನ ನೈಲಾನ್ ಏರ್ ಪೈಪು, ವೈರಿಂಗ್ ಗೊಂಚಲು ಇವುಗಳಿಂದ ಹೊಗೆ ಪೈಪನ್ನು ದೂರ ಇಡಬೇಕು. ಆ ಪೈಪು ಮುಟ್ಟಿದರೆ ಚರ್ಮ ಸುಲಿಯುವಷ್ಟು ಕಾಯುತ್ತದೆ.

ಈಗಿನ ಕ್ಯಾಬಿನ್ನುಗಳು ಮುಂದಕ್ಕೆ ಬಾಗುತ್ತವೆ. ಕ್ಯಾಬಿನ್ನಿಗೆ ಹೀಟರ್ ಕೂಡಿಸಿ ಡೀಸೆಲ್ ಪೈಪನ್ನು ಚಾಸಿಸ್ಸಿಗೆ ಬಿಗಿದು ಕಟ್ಟಿದರೆ, ಮೊದಲ ಸಲ ಕ್ಯಾಬಿನ್ ಎತ್ತಿದಾಗಲೇ ಪೈಪು ಕಿತ್ತುಬರುತ್ತದೆ. ಸಡಿಲು ಬಿಟ್ಟು ಕಟ್ಟಿ, ಒಮ್ಮೆ ಕ್ಯಾಬಿನ್ ಪೂರ್ತಿ ಎತ್ತಿ ನೋಡಿ, ಆಮೇಲೆ ಹಣ ಕೊಡಿ. ಟಾಕಿಯಿಂದ ಡೀಸೆಲ್ ಎಳೆಯಲು ಬೇರೆಯೇ ಸಣ್ಣ ನಳಿಗೆ ಹಾಕಿಸಿ, ಅದು ಟಾಕಿಯ ತಳ ಮುಟ್ಟದಿರಲಿ. ರಾತ್ರಿಯಿಡೀ ಹೀಟರ್ ಓಡಿದರೂ ಎಂಜಿನ್ನಿಗೆ ಡೀಸೆಲ್ ಉಳಿದಿರುತ್ತದೆ.

ಕಂಪನಿ ಕೊಟ್ಟ ಗಾಡಿಗೆ ಹೊಸದೇನೇ ಸೇರಿಸುವ ಮುನ್ನ ಆರ್‌ಟಿಒ ಕಚೇರಿಯಲ್ಲೂ ವಿಮಾ ಕಂಪನಿಯಲ್ಲೂ ಕೇಳಿ, ಬರಹದಲ್ಲಿ ಪಡೆಯಿರಿ. ಮುಂದೆ ಬೆಂಕಿಯ ಕ್ಲೇಮು ಬಂದರೆ ಮೊದಲು ಕೇಳುವುದು ಇದನ್ನೇ.

8. ಎರಡು ಬ್ಯಾಟರಿಯಲ್ಲಿ ಒಂದರಿಂದ ಮಾತ್ರ ಕರೆಂಟು ಕದಿಯಬೇಡಿ.

ಇದು ನನ್ನ ಕಸುಬಿನ ಒಳಗಿನ ಮಾತು, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಭಾರಿ ಲಾರಿಯಲ್ಲಿ 12 ವೋಲ್ಟಿನ ಎರಡು ಬ್ಯಾಟರಿ ಸಾಲಾಗಿ ಸೇರಿ 24 ವೋಲ್ಟ್ ಆಗುತ್ತದೆ. ಟೇಪು, ಲೈಟು, ಹೀಟರ್ ಏನೇ 12 ವೋಲ್ಟಿನದು ತಂದರೂ ಬೀದಿಯ ಎಲೆಕ್ಟ್ರಿಷಿಯನ್ ಮಾಡುವ ಸುಲಭದ ಕೆಲಸವೆಂದರೆ ಒಂದು ಬ್ಯಾಟರಿಯ ಎರಡು ತುದಿಗೆ ವೈರ್ ಸಿಕ್ಕಿಸುವುದು. ಆ ರಾತ್ರಿ ಎಲ್ಲ ಸರಿ ಇರುತ್ತದೆ. ಆದರೆ ಆಲ್ಟರ್ನೇಟರ್ ಎರಡನ್ನೂ ಕೂಡಿಯೇ ಚಾರ್ಜ್ ಮಾಡುತ್ತದೆ. ದಿನಾ ಬರಿದಾಗುವ ಬ್ಯಾಟರಿ ಪೂರ್ತಿ ತುಂಬುವುದೇ ಇಲ್ಲ, ತುಂಬಿದ್ದ ಇನ್ನೊಂದು ಹೆಚ್ಚು ಚಾರ್ಜ್ ತಿಂದು ಕುದಿಯುತ್ತದೆ. ಒಂದು ಹಂಗಾಮಿನೊಳಗೆ ಎರಡೂ ಹಾಳು. ನಿಮ್ಮ ಗಾಡಿ 24 ವೋಲ್ಟಿನದಾದರೆ 24 ವೋಲ್ಟಿನ ಹೀಟರನ್ನೇ ಕೊಳ್ಳಿ. ವೈರಿನ ಫ್ಯೂಜು ಬ್ಯಾಟರಿಯ ಪಕ್ಕದಲ್ಲೇ ಇರಲಿ. ಹೀಟರಿನ ಪಕ್ಕದಲ್ಲಿಟ್ಟ ಫ್ಯೂಜು ನಡುವಿನ ಉದ್ದ ವೈರು ಸವೆದು ಚಾಸಿಸ್ ಮುಟ್ಟಿದಾಗ ಕಾಯುವುದಿಲ್ಲ.

ಹೀಟರ್ ಹತ್ತುವಾಗ ಗ್ಲೋ ಪ್ಲಗ್ ಒಂದೆರಡು ನಿಮಿಷ ಜೋರಾಗಿ ಕರೆಂಟು ಎಳೆಯುತ್ತದೆ. ಹತ್ತಿದ ಮೇಲೆ ಫ್ಯಾನು ಪಂಪು ಸೇರಿ 30 ವ್ಯಾಟಿನ ಆಸುಪಾಸು. ಎಂಟು ತಾಸಿಗೆ 24 ವೋಲ್ಟಿನಲ್ಲಿ ಸುಮಾರು 10 ಆಂಪಿಯರ್–ಅವರ್, ಸರಿಯಾದ ಬ್ಯಾಟರಿಗೆ ಇದು ಭಾರವಲ್ಲ. ಇದನ್ನೇ ಬಿಟ್ಟು ಇನ್ವರ್ಟರಿಗೆ 1000 ವ್ಯಾಟಿನ ಮನೆಯ ಕಾಯಿಲ್ ಹೀಟರ್ ಸಿಕ್ಕಿಸಿದರೆ 40 ಆಂಪಿಯರಿಗೂ ಮೇಲೆ ಹರಿಯುತ್ತದೆ. 100 ಆಂಪಿಯರ್–ಅವರಿನ ಜೋಡಿ ಒಂದು ತಾಸಿನಲ್ಲೇ ಬಸವಳಿಯುತ್ತದೆ, ಬೆಳಗ್ಗೆ ಸೆಲ್ಫ್ ತಿರುಗುವುದಿಲ್ಲ. ಥಂಡಿಯಲ್ಲಿ ಬ್ಯಾಟರಿಯ ಬಲವೇ ಕುಗ್ಗಿರುತ್ತದೆ ಎಂಬುದೂ ಲೆಕ್ಕದಲ್ಲಿರಲಿ: ಸೊನ್ನೆ ಡಿಗ್ರಿಯಲ್ಲಿ ಐದರಲ್ಲಿ ಒಂದು ಪಾಲು ಹೋಗಿರುತ್ತದೆ.

9. ಸಂಕೇಶ್ವರದ ಡೀಸೆಲ್ ಬಾನಿಹಾಲ್‌ಗೆ ಒಯ್ಯಬೇಡಿ.

ಡೀಸೆಲ್‌ನಲ್ಲಿ ಮೇಣದ ಅಂಶ ಇರುತ್ತದೆ. ಥಂಡಿಗೆ ಅದು ಹೆಪ್ಪುಗಟ್ಟಿ ಮೊದಲು ಫಿಲ್ಟರ್ ಕಟ್ಟುತ್ತದೆ, ಆಮೇಲೆ ಪೈಪು. ಭಾರತೀಯ ಮಾನಕ ಐಎಸ್ 1460ರ ಪ್ರಕಾರ ಡೀಸೆಲ್ ಹರಿಯುವುದು ನಿಲ್ಲುವ ಮಟ್ಟ ಚಳಿಗಾಲದಲ್ಲಿ 3 ಡಿಗ್ರಿಗಿಂತ, ಬೇಸಿಗೆಯಲ್ಲಿ 15 ಡಿಗ್ರಿಗಿಂತ ಮೇಲಿರಬಾರದು. ಬಾನಿಹಾಲ್ ಆಚೆಯ, ಮೈನಸ್ಸಿಗೆ ಇಳಿಯುವ ಕಾಶ್ಮೀರ ಕಣಿವೆಗೆ ಇದು ಸಾಲದು. ಲಡಾಖಿಗೆಂದೇ ಇಂಡಿಯನ್ ಆಯಿಲ್ 2019ರಲ್ಲಿ ಮೈನಸ್ 33 ಡಿಗ್ರಿಯವರೆಗೆ ಹರಿಯುವ ಚಳಿಗಾಲದ ಡೀಸೆಲ್ ತಂದಿತು. ನಮ್ಮವರು ಮಾಡಬೇಕಾದದ್ದು ಸರಳ: ಊರಲ್ಲೇ ಎರಡೂ ಟಾಕಿ ತುಂಬಿಕೊಂಡು ಹೋಗದೆ, ಬೆಟ್ಟ ಹತ್ತುವ ಮುನ್ನ ಪಂಜಾಬ್, ಜಮ್ಮು ಕಡೆಯ ಬಂಕಿನಲ್ಲಿ ತುಂಬಿಸಿ. ಹೀಟರಿನ ಡೀಸೆಲ್ ಪೈಪು ಪೆನ್ನಿನ ರೀಫಿಲ್ಲಿನಷ್ಟು ತೆಳು. ಎಂಜಿನ್ ಇನ್ನೂ ಓಡುತ್ತಿರುವಾಗಲೇ ಹೀಟರ್ ಕಟ್ಟಿಕೊಳ್ಳುವುದು ಅದಕ್ಕೆ.

ಹಿಂದಿನವರು ಸೀಮೆಎಣ್ಣೆ ಬೆರೆಸುತ್ತಿದ್ದರು. ಬಿಎಸ್–6 ಎಂಜಿನ್ನಿನ ಇಂಜೆಕ್ಟರಿಗೆ ಅದು ಮೃತ್ಯು. ಟಾಕಿಯ ಕೆಳಗೆ ಚಿಂದಿ ಹಚ್ಚಿ ಡೀಸೆಲ್ ಕರಗಿಸುವುದನ್ನು ಈಗಲೂ ಬೆಟ್ಟದ ದಾರಿಯಲ್ಲಿ ಮಾಡುತ್ತಾರೆ. ದಯವಿಟ್ಟು ಮಾಡಬೇಡಿ. ಬಿಸಿನೀರಿನಲ್ಲಿ ಅದ್ದಿದ ಗೋಣಿಯನ್ನು ಫಿಲ್ಟರಿಗೆ ಸುತ್ತಿ, ಬಿಸಿಲು ಬರುವವರೆಗೆ ಕಾಯಿರಿ. ಬಿಎಸ್–6 ಗಾಡಿಯ ಯೂರಿಯಾ ದ್ರವ ಮೈನಸ್ 11 ಡಿಗ್ರಿಗೆ ಹೆಪ್ಪುಗಟ್ಟುತ್ತದೆ. ಎಂಜಿನ್ ಕಾದ ಮೇಲೆ ಅದು ತಾನಾಗಿ ಕರಗುತ್ತದೆ, ಅದರ ಟಾಕಿಗೆ ಬಿಸಿನೀರು ಸುರಿಯುವವರನ್ನು ತಡೆಯಿರಿ.

10. ಎತ್ತರದಲ್ಲಿ ಉರಿಗೂ ಉಸಿರು ಕಡಿಮೆ.

ಸುಮಾರು 1,500 ಮೀಟರ್ ದಾಟಿದ ಮೇಲೆ ಗಾಳಿ ತೆಳುವಾಗಿ, ಅದೇ ಅಳತೆಯ ಡೀಸೆಲ್ ಪೂರ್ತಿ ಸುಡುವುದಿಲ್ಲ. ಹೊಗೆ, ಘಾಟು, ಮಸಿ. ಶ್ರೀನಗರ ಇರುವುದೇ ಹೆಚ್ಚುಕಡಿಮೆ 1,585 ಮೀಟರಿನಲ್ಲಿ. ಎತ್ತರಕ್ಕೆ ಹೊಂದಿಸುವ ಸೆಟ್ಟಿಂಗ್ ಇರುವ ಹೀಟರನ್ನು ಆರಿಸಿ. ಇಲ್ಲದಿದ್ದರೆ ಪಂಪಿನ ಹೊಡೆತ ಇಳಿಸಲು ಬಲ್ಲವರಿಂದ ಕಲಿತು ಹೋಗಿ.

11. ಇಥೆನಾಲ್ ಟ್ಯಾಂಕರಿಗೆ ಉರಿಯುವ ಹೀಟರ್ ಬೇಡವೇ ಬೇಡ.

ನಮ್ಮ ಜಿಲ್ಲೆಯ ಸಕ್ಕರೆ ಕಾರ್ಖಾನೆಗಳಿಂದ ಈಗ ಇಥೆನಾಲ್ ಟ್ಯಾಂಕರುಗಳು ಸಾಲುಸಾಲಾಗಿ ಡಿಪೋಗಳಿಗೆ ಹೋಗುತ್ತವೆ. ಅದರ ಆವಿಗೆ ಸಣ್ಣ ಕಿಡಿ ಸಾಕು. ಅಂಥ ಗಾಡಿಯವರು ಬಂದರೆ ನಾನು ಕೂಡಿಸಿಕೊಡುವುದಿಲ್ಲ, ಎಷ್ಟು ಕೊಟ್ಟರೂ ಇಲ್ಲ. ದಪ್ಪ ಹಾಸಿಗೆ, ಬಿಸಿನೀರಿನ ರಬ್ಬರ್ ಚೀಲ, ಇಲ್ಲವೇ ಛತ್ರದ ಕೋಣೆ ಎಂದು ಹೇಳಿ ಕಳಿಸುತ್ತೇನೆ. ಬೇರೆ ಗಾಡಿಯವರೂ ಬಂಕಿಗೆ ಹೋಗುವ ಮೊದಲೇ ಹೀಟರ್ ಆರಿಸಿ, ಫ್ಯಾನು ನಿಲ್ಲುವವರೆಗೆ ಕಾದು, ಆಮೇಲೆ ಒಳಗೆ ಹೋಗಬೇಕು.

12. ಗಾಜು ಎರಡು ಬೆರಳು ಇಳಿದಿರಲಿ, ತಲೆಯ ಹತ್ತಿರ ಅಲಾರಂ ಇರಲಿ.

ತೂತು ಮುಚ್ಚು ಎಂದವನೇ ಗಾಜು ಇಳಿಸು ಎನ್ನುತ್ತಾನೆ ಎಂದು ಹುಡುಗರು ನಗುತ್ತಾರೆ. ನೆಲದ ತೂತಿನಿಂದ ಬರುವುದು ಚಕ್ರದ ಧೂಳು, ಎಂಜಿನ್ನಿನ ಹೊಗೆ. ಮೇಲಿನ ಗಾಜಿನ ಸಂದಿಯಿಂದ ಬರುವುದು ಶುದ್ಧ ಗಾಳಿ. ಇಬ್ಬರು ಮಲಗಿ ಉಸಿರಾಡಿದ ತೇವ ಹೊರಗೆ ಹೋಗದಿದ್ದರೆ ಬೆಳಗ್ಗೆ ಗಾಜಿನ ಒಳಮೈಯಲ್ಲಿ ಮಂಜುಗಡ್ಡೆ, ಹಾಸಿಗೆಯಲ್ಲಿ ತೇವ, ಮರುರಾತ್ರಿ ಎರಡರಷ್ಟು ಚಳಿ. ಬಿಸಿ ಸ್ವಲ್ಪ ಹೋಗುತ್ತದೆ, ಹೋಗಲಿ.

ಹೀಟರ್ ಎಷ್ಟೇ ಚೆನ್ನಾಗಿ ಕೂಡಿಸಿದ್ದರೂ ಗ್ಯಾಸ್ಕೆಟ್ ಹಳೆಯದಾಗುತ್ತದೆ, ಪೈಪು ಕಲ್ಲಿಗೆ ಬಡಿದು ಸೀಳುತ್ತದೆ. ಬ್ಯಾಟರಿಯಲ್ಲಿ ನಡೆಯುವ ಕಾರ್ಬನ್ ಮಾನಾಕ್ಸೈಡ್ ಅಲಾರಂ ಒಂದು ಅಂಗೈಯಲ್ಲಿ ಹಿಡಿಯುತ್ತದೆ. ಮಲಗಿದಾಗ ಮುಖ ಇರುವ ಎತ್ತರಕ್ಕೆ ಅದನ್ನು ಕಟ್ಟಿ. ವಾರಕ್ಕೊಮ್ಮೆ ಗುಂಡಿ ಒತ್ತಿ ಪರೀಕ್ಷಿಸಿ. ಅದರ ಸೆನ್ಸರಿಗೂ ಆಯುಷ್ಯ ಇದೆ, ಹಿಂಬದಿಯ ತಾರೀಖು ಮುಗಿದರೆ ಬದಲಿಸಿ. ಅದು ಕೂಗಿದರೆ ಕಾರಣ ಹುಡುಕುತ್ತ ಕೂರಬೇಡಿ. ಬಾಗಿಲು ತೆಗೆದು ಇಬ್ಬರೂ ಕೆಳಗೆ ಇಳಿಯಿರಿ. ಒಬ್ಬ ಏಳದಿದ್ದರೆ ಎಳೆದು ಹಾಕಿ, 108ಕ್ಕೆ ಫೋನ್ ಮಾಡಿ. ಹೀಟರ್ ಕೂಡಿಸಲು ಬಂದವನು ಅಲಾರಂ ಕೊಳ್ಳಲು ಒಪ್ಪದಿದ್ದರೆ ನಾನು ಕೆಲಸ ಹಿಡಿಯುವುದಿಲ್ಲ.

13. ಕುಡಿದರೆ ಬಿಸಿಯಾದಂತೆ ಅನಿಸುತ್ತದೆ, ಮೈ ತಣ್ಣಗಾಗುತ್ತದೆ.

ಮದ್ಯ ಚರ್ಮದ ಕೆಳಗಿನ ರಕ್ತನಾಳಗಳನ್ನು ಹಿಗ್ಗಿಸುತ್ತದೆ, ಒಳಗಿನ ಬಿಸಿ ಹೊರಗೆ ಹೋಗುತ್ತದೆ. ವಿಷಗಾಳಿಯ ಮಂಪರಿಗೂ ಕುಡಿತದ ಮಂಪರಿಗೂ ಆಗ ಭೇದ ತಿಳಿಯುವುದಿಲ್ಲ. ಹೊಟ್ಟೆ ತುಂಬ ಉಣ್ಣಿ. ಕಟಕ ರೊಟ್ಟಿ, ಶೇಂಗಾ ಹಿಂಡಿ, ಒಂದು ಉಂಡೆ ಬೆಲ್ಲ ಗಾಡಿಯಲ್ಲಿ ಇರಲಿ. ದಾರಿ ಬಂದಾದರೆ ದಿನಗಟ್ಟಲೆ ನಿಲ್ಲಬೇಕಾಗುತ್ತದೆ. 2025ರ ಆಗಸ್ಟ್ ಕೊನೆಗೆ ಉಧಮ್‌ಪುರದ ಬಳಿ ಗುಡ್ಡ ಕುಸಿದು ಜಮ್ಮು–ಶ್ರೀನಗರ ಹೆದ್ದಾರಿ ಕಟ್ಟಿದಾಗ ಸೇಬಿನ ಲಾರಿಗಳು ವಾರಗಟ್ಟಲೆ ನಿಂತವು, ಹಣ್ಣು ಗಾಡಿಯಲ್ಲೇ ಕೊಳೆಯಿತು. ಅದು ಮಳೆಗಾಲ. ಅಂಥ ತಡೆ ಜನವರಿಯಲ್ಲಿ ಬಂದರೆ ಏನು ಬೇಕೋ ಅದನ್ನು ಯೋಚಿಸಿ ಗಾಡಿ ತುಂಬಿಸಿ.

14. ಥಂಡಿ ಊರಲ್ಲೂ ಕೊಲ್ಲುತ್ತದೆ, ಬೇರೆ ರೀತಿಯಲ್ಲಿ.

ಕಾರ್ಖಾನೆಯ ಯಾರ್ಡಿನಲ್ಲಿ ಪಾಳಿಗಾಗಿ ಕಾಯುವ ಕಬ್ಬಿನ ಗಾಡಿಯವರು ಡಿಸೆಂಬರಿನ ಮಂಜಿಗೆ ಹೆದರಿ ಗಾಡಿಯ ಕೆಳಗೆ, ಚಕ್ರಗಳ ನಡುವೆ ಗೋಣಿ ಹಾಸಿ ಮಲಗುತ್ತಾರೆ. ಮೇಲಿನ ಲೋಡು ಇಬ್ಬನಿ ತಡೆಯುತ್ತದೆ ಎಂಬುದು ನಿಜ. ಆದರೆ ಪಾಳಿ ಬಂತೆಂದು ಯಾರೋ ಗಾಡಿ ಎಳೆದರೆ ಕೆಳಗೆ ಮಲಗಿದವನು ಯಾರಿಗೂ ಕಾಣುವುದಿಲ್ಲ. ಕಬ್ಬಿನ ಒಣ ರವದಿಗೆ ಬೆಂಕಿ ಹಚ್ಚಿ ಕಾಯಿಸಿಕೊಳ್ಳುವವರು ಕಬ್ಬಿನ ಲೋಡಿನಿಂದ, ಡೀಸೆಲ್ ಟಾಕಿಯಿಂದ ದೂರ, ಬಯಲಿನಲ್ಲಿ ಹಚ್ಚಬೇಕು. ಬೆಂಕಿ ಕಾಯಿಸಿಕೊಂಡು ಕ್ಯಾಬಿನ್ನಿಗೆ ಬಂದು ಮಲಗಿ. ಉಳಿದ ಕೆಂಡ ಅಲ್ಲೇ ಇರಲಿ.

15. ಮಾಲೀಕರಿಗೆ ಒಂದು ಲೆಕ್ಕ.

ಹೀಟರ್ ಖರ್ಚು ಡ್ರೈವರನದು ಎನ್ನುವ ಮಾಲೀಕರು ನಮ್ಮಲ್ಲಿ ಹೆಚ್ಚು. ಎಂಜಿನ್ ಚಾಲೂ ಬಿಟ್ಟು ಮಲಗಿದರೆ ರಾತ್ರಿಗೆ 16 ಲೀಟರ್, ಹೀಟರಿನಲ್ಲಿ 2 ಲೀಟರಿನ ಒಳಗೆ. ಉತ್ತರದಲ್ಲಿ ಕಳೆಯುವ ರಾತ್ರಿಗಳನ್ನು ನೀವೇ ಎಣಿಸಿ, ಡೀಸೆಲ್ ದರದಿಂದ ಗುಣಿಸಿ. ಆ ಹಣದಲ್ಲಿ ಹೀಟರ್, ಅಲಾರಂ, ಕೂಡಿಸುವ ಕೂಲಿ ಎಲ್ಲ ಬರುತ್ತದೆ. ಇದನ್ನು ಲಾಭದ ಲೆಕ್ಕದಲ್ಲಿ ಹೇಳಬೇಕಾಗಿ ಬಂದದ್ದೇ ನನಗೆ ನೋವಿನ ಸಂಗತಿ. ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ 1961ರದು. ಕೆಲಸಗಾರರು ರಾತ್ರಿ ತಂಗಬೇಕಾದ ಜಾಗದಲ್ಲಿ ವಿಶ್ರಾಂತಿ ಕೋಣೆ ಒದಗಿಸಬೇಕು ಎಂಬ ಮಾತು ಅದರಲ್ಲೇ ಇತ್ತು. ಆರು ದಶಕ ಕಳೆದರೂ ನಮ್ಮ ಹುಡುಗರು ತಗಡಿನ ಪಟ್ಟಿಯ ಮೇಲೆಯೇ ಮಲಗುತ್ತಿದ್ದಾರೆ. ತೈಲ ಕಂಪನಿಗಳು ಹೆದ್ದಾರಿಯ ಕೆಲವು ಬಂಕುಗಳಲ್ಲಿ 'ಅಪ್ನಾ ಘರ್' ಎಂಬ ತಂಗುಮನೆ ಕಟ್ಟಿವೆ. ಮಂಚ, ಸ್ನಾನದ ಕೋಣೆ ಇರುತ್ತವೆ. ಎಲ್ಲೆಲ್ಲಿ ಅದು ಸಿಗುತ್ತದೆ ನೋಡಿಕೊಂಡು ಹಾಲ್ಟ್ ಹಾಕಿ. ಮಾಲೀಕರು ಆ ಖರ್ಚನ್ನು ಟ್ರಿಪ್ಪಿನ ಖರ್ಚಿನಲ್ಲಿ ಸೇರಿಸಿಕೊಡಬೇಕು, "ಎಲ್ಲಿ ಮಲಗಿದ್ದಿ?" ಎಂದು ಫೋನಿನಲ್ಲಿ ಕೇಳಬೇಕು.

ಹೀಟರ್ ಇದ್ದವರು ಖಂಡೆನವಮಿಗೆ ಗಾಡಿ ತೊಳೆದು ಪೂಜೆ ಮಾಡುವ ದಿನವೇ ಅದನ್ನು ಒಮ್ಮೆ ಹಚ್ಚಿ ನೋಡಿ. ಬೇಸಿಗೆಯಿಡೀ ಸುಮ್ಮನಿದ್ದ ಹೊಗೆ ಪೈಪಿನಲ್ಲಿ ಕಣಜದ ಹುಳು ಮಣ್ಣಿನ ಗೂಡು ಕಟ್ಟಿರುತ್ತದೆ. ಗ್ಯಾಸ್ಕೆಟ್, ಫ್ಯೂಜು, ಡೀಸೆಲ್ ಫಿಲ್ಟರ್ ಅಂದೇ ಬದಲಿಸಿದರೆ, ಬಿಡಿಭಾಗ ಬೇಕಾದರೂ ತರಿಸಿಕೊಳ್ಳಲು ಕಾರ್ಖಾನೆ ಶುರುವಾಗುವವರೆಗೆ ಸಮಯ ಇರುತ್ತದೆ.